ಗೌಂಡಿಯ ಲೆಕ್ಕ, ಮನೆಯವರ ಲೆಕ್ಕ

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಭಾಗದಲ್ಲಿ ಮನೆಯ ಕೆಲಸ ಹಿಡಿಯುವ ಕಾಲವೆಂದರೆ ಕಡಲೆಯ ರಾಶಿ ಮುಗಿದಂದಿನಿಂದ ರೋಹಿಣಿ ಮಳೆ ಬೀಳುವವರೆಗೆ. ಕೈಯಲ್ಲಿ ಒಂದಿಷ್ಟು ರೊಕ್ಕ ಆಡುತ್ತಿರುತ್ತದೆ, ಹೊಲದಲ್ಲಿ ಕೆಲಸವಿರುವುದಿಲ್ಲ, ಮುಂದೆ ಮಳೆಯ ಅಂಜಿಕೆ ಇರುತ್ತದೆ. ಈ ಮೂರು ತಿಂಗಳುಗಳಲ್ಲಿ ನನಗೆ ಬರುವ ದೂರವಾಣಿ ಕರೆಗಳಲ್ಲಿ ಬಹುಪಾಲು ಒಂದೇ ವಿಷಯದವು. "ಸರ, ಗೌಂಡಿ ಇಷ್ಟು ಹೇಳ್ಯಾನ್ರಿ. ಭಾಳ ಆತಲ್ರೀ?" ಕರೆ ಮಾಡುವವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ನನ್ನ ಹಳೆಯ ವಿದ್ಯಾರ್ಥಿಗಳು. ಊರಲ್ಲಿ ತಂದೆತಾಯಿ, ಅವರ ತಲೆಯ ಮೇಲೆ ಸೋರುವ ಮಾಳಿಗೆ. ಗಣಿತ ಕಲಿಸಿದ ಮಾಸ್ತರನೆಂಬ ಕಾರಣಕ್ಕೆ ಈ ಪಂಚಾಯಿತಿಕೆ ನನ್ನ ಪಾಲಿಗೆ ಬಂದಿದೆ.

ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಲೇಸೆನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳ ಸಲ ಗೌಂಡಿ ಹೇಳಿದ ಬೆಲೆ ಮೋಸದ ಬೆಲೆಯಲ್ಲ. ಆ ಬೆಲೆ ಹೇಗೆ ಹುಟ್ಟಿತೆಂಬುದು ನಮಗೆ ತಿಳಿದಿರುವುದಿಲ್ಲ, ಅಷ್ಟೆ. ಹಾಗೆಂದು ಗೌಂಡಿಗಳೆಲ್ಲ ಹರಿಶ್ಚಂದ್ರನ ವಂಶದವರೆಂದು ನಾನು ವಾದಿಸುತ್ತಿಲ್ಲ. ಅದಕ್ಕೂ ಬರುತ್ತೇನೆ.

ನಾನು ಹುಡುಗನಾಗಿದ್ದಾಗ ನಮ್ಮ ಊರುಗಳಲ್ಲಿ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಡಿಗೇರ, ಕಂಬಾರ, ಕುಂಬಾರ ಇವರೆಲ್ಲ ಆಯಗಾರರು. ವರ್ಷವಿಡೀ ಕೂರಿಗೆ ಮುರಿದರೆ ಕೂರಿಗೆ, ಬಾಗಿಲು ಜೋತರೆ ಬಾಗಿಲು ಸರಿಪಡಿಸಿಕೊಡುವರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ ಒಯ್ಯುವರು. ಯಾವ ಕೆಲಸಕ್ಕೆ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ. ಈಗ ಕೆಲವು ಹಿರಿಯರು ಆ ಪದ್ಧತಿಯನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ನಾನು ಬಿಡಲಾರೆ. ಆ ಕಣದಲ್ಲಿ ಕೊಡುವವನು ಮೇಲೆ ನಿಂತಿರುತ್ತಿದ್ದ, ಒಯ್ಯುವವನು ಕೈಯೊಡ್ಡಿ ಕೆಳಗೆ ನಿಂತಿರುತ್ತಿದ್ದ. ಮಳೆ ಕೈಕೊಟ್ಟ ವರ್ಷ ಮೊದಲು ಕಡಿಮೆಯಾಗುತ್ತಿದ್ದುದು ಆಯವೇ. ಬೇಡವೆಂದು ಬೇರೆ ಊರಿಗೆ ಹೋಗುವ, ಸಾಲದೆಂದು ಹೆಚ್ಚು ಕೇಳುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಮಲಪ್ರಭೆಯ ಕಾಲುವೆ, ಹತ್ತಿಯ ರೊಕ್ಕ, ಟ್ರ್ಯಾಕ್ಟರು, ಸಿಮೆಂಟು ಒಂದರ ಹಿಂದೊಂದು ಬಂದು ಆಯ ಹೋಯಿತು, ಪಗಾರ ಬಂತು. ಬೆಲೆ ಹೇಳುವ ಹಕ್ಕು ಕೈಗಾರಿಕೆಯವನ ಬಾಯಿಗೆ ಬಂದದ್ದು ಆಗಲೇ. ನಮ್ಮ ಕಿವಿಗೆ ಅದಿನ್ನೂ ಒಗ್ಗಿಲ್ಲವೆಂದು ನನಗೆ ಎಷ್ಟೋ ಸಲ ಅನಿಸಿದೆ.

ಬೆಲೆ ಹುಟ್ಟುವ ಬಗೆಯನ್ನು ನೋಡಿರಿ. ಗೌಂಡಿ ಬಂದು ಗೋಡೆಯನ್ನು ಬೆರಳಿನಿಂದ ಬಡಿಯುತ್ತಾನೆ, ಮಾಳಿಗೆ ಹತ್ತುತ್ತಾನೆ, ಮಾತಾಡದೆ ಒಂದು ಬೀಡಿ ಸೇದುತ್ತಾನೆ. ಆ ಮೌನದಲ್ಲಿ ಅವನ ತಲೆಯೊಳಗೆ ಪಗಾರಗಳ ಎಣಿಕೆ ನಡೆದಿರುತ್ತದೆ. ಇಷ್ಟು ಗೌಂಡಿ ಪಗಾರ, ಇಷ್ಟು ಆಳು. ಅದಕ್ಕೆ ಸೆಂಟ್ರಿಂಗ್ ಹಲಗೆಯ ಬಾಡಿಗೆ. ಅದಕ್ಕೆ ಹಾಳಾಗುವ ದಿನಗಳು: ಅಮಾವಾಸ್ಯೆಗೆ ಕೆಲಸವಿಲ್ಲ, ಊರಲ್ಲಿ ಸಾವಾದರೆ ಕೆಲಸವಿಲ್ಲ, ನಳದ ನೀರು ಬಾರದ ದಿನ ಕೆಲಸವಿಲ್ಲ. ಆ ಮೇಲೆ, ಇದು ಯಾರೂ ಬಾಯಿಬಿಟ್ಟು ಹೇಳದ ಬಾಬತ್ತು, ಮನೆಯವರ ಮುಖ ನೋಡಿ ಒಂದಿಷ್ಟು. ಇವರು ಹಿಂದಿನ ಗೌಂಡಿಗೆ ಸರಿಯಾಗಿ ಕೊಟ್ಟರೇ, ತಿರುಗಾಡಿಸಿದರೇ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ತಿರುಗಾಡಿಸಿದ ಮನೆಗೆ ಬೆಲೆ ಏರುತ್ತದೆ. ಕೊನೆಗೆ ಚೌಕಾಶಿಯ ಪಾಲು. ಇವರು ಹತ್ತು ಸಾವಿರ ಇಳಿಸದೆ ಬಿಡುವುದಿಲ್ಲವೆಂದು ಅವನಿಗೆ ಗೊತ್ತು. ಆದ್ದರಿಂದ ಹತ್ತು ಸಾವಿರ ಏರಿಸಿಯೇ ಹೇಳುತ್ತಾನೆ. ಅವನು ಏರಿಸಿ ಹೇಳುತ್ತಾನೆಂದು ನಮಗೆ ಗೊತ್ತು. ಆದ್ದರಿಂದ ನಾವು ಹನ್ನೆರಡು ಸಾವಿರ ಇಳಿಸುತ್ತೇವೆ. ಗೆದ್ದವರಾರೆಂದು ನನಗೆ ಇದುವರೆಗೆ ತಿಳಿದಿಲ್ಲ.

ಇಳಿಸಿದ್ದು ಅತಿಯಾದರೆ ಅದು ಎಲ್ಲಿ ಹೊರಬೀಳುತ್ತದೆಂಬುದನ್ನು ಲೆಕ್ಕ ಮಾಡಿ ತೋರಿಸಬಹುದು. ಮಾಲುಸಹಿತ ಗುತ್ತಿಗೆ ಕೊಟ್ಟಿದ್ದೀರೆಂದುಕೊಳ್ಳಿ. ಅರ್ಧ ಇಂಚು ದಪ್ಪದ ಗಿಲಾವು, ಒಂದಕ್ಕೆ ಆರರ ಮಿಶ್ರಣ. ಸಾವಿರ ಚದರಡಿ ಗೋಡೆಗೆ ಹೆಚ್ಚುಕಡಿಮೆ ಏಳೂವರೆ ಚೀಲ ಸಿಮೆಂಟು ಬೇಕು. ಒಂದಕ್ಕೆ ಒಂಬತ್ತು ಮಾಡಿದರೆ ಐದು ಚೀಲದ ಸುಮಾರಿಗೆ ಮುಗಿಯುತ್ತದೆ. ಸುಣ್ಣ ಬಳಿದ ಮೇಲೆ ಎರಡೂ ಒಂದೇ ತೋರುತ್ತವೆ. ನೀವು ಉಳಿಸಿಕೊಂಡದ್ದು ಎರಡೂವರೆ ಚೀಲದ ಹಣ; ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಗೋಡೆಗೆ ಮೊಳೆ ಹೊಡೆದರೆ ಅಂಗೈಯಗಲ ಗಿಲಾವು ಕೆಳಗೆ ಬೀಳುತ್ತದೆ. ಇದನ್ನು ಮಾಡುವ ಗೌಂಡಿಯನ್ನು ನಾನು ಸಮರ್ಥಿಸುವುದಿಲ್ಲ. ಆಗುವುದಿಲ್ಲವೆಂದು ಎದ್ದುಹೋಗುವವನೇ ಉತ್ತಮ ಗೌಂಡಿ. ಆದರೆ ಎದ್ದುಹೋದವನನ್ನು ನಾವು 'ಸೊಕ್ಕು ಬಂದೈತಿ' ಎನ್ನುತ್ತೇವೆ.

ಹಳೆಯ ಮನೆಯ ರಿಪೇರಿಯಂತೂ ಬೆಲೆ ಹೇಳಲಾಗದ ಕೆಲಸವೆಂದೇ ನನ್ನ ನಂಬಿಕೆ. ನಮ್ಮ ಮಾಳಿಗೆ ಮನೆಗಳು ಹೇಗೆ ಕಟ್ಟಿದವೆಂಬುದು ನಿಮಗೆ ನೆನಪಿರಬೇಕು. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ತೊಲೆ, ಅದರ ಮೇಲೆ ಜಂತಿ, ಹಲಗೆ, ಮೇಲೆ ಹೇರಿದ ಮಣ್ಣು. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ತಂದು ಹರವುತ್ತಿದ್ದೆವು. ಒಂದು ವರ್ಷ ತಪ್ಪಿದರೆ ನೀರು ಜಿನುಗಿ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹೊರಗಿನಿಂದ ತೊಲೆ ಮಿರಮಿರ ಮಿಂಚುತ್ತಿರುತ್ತದೆ.

ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಥದೇ ಮನೆ. ಮಗ ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ, ನನ್ನ ವಿದ್ಯಾರ್ಥಿ. ಕೆಲಸ ಹಿಡಿದ ಗೌಂಡಿಯೂ ನನ್ನ ವಿದ್ಯಾರ್ಥಿ, ಅದೇ ತರಗತಿಯವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಚಿಕ್ಕಪ್ಪನ ಹಿಂದೆ ಕರಣೆ ಹಿಡಿದು ಹೋದವನು. (ಭಿನ್ನರಾಶಿಯಲ್ಲಿ ಮಗನಿಗಿಂತ ಇವನೇ ಚುರುಕಾಗಿದ್ದನೆಂಬುದನ್ನು ಇಲ್ಲಿ ಹೇಳದಿರಲಾರೆ.) ಪಡಸಾಲೆಯ ಗಿಲಾವು ಕಿತ್ತು ಹೊಸದಾಗಿ ಹಾಕಿ, ನೆಲಕ್ಕೆ ಫರಸಿ ಕೂಡಿಸಿ, ಹಿತ್ತಲಲ್ಲಿ ಬಚ್ಚಲು ಕಟ್ಟಲು 90,000 ರೂಪಾಯಿಗೆ ಮಾತಾಯಿತು. ಮುಗಿದಾಗ 1,35,000. ಮಗ ಸಿಟ್ಟಿನಿಂದ ಕರೆ ಮಾಡಿದ: "ಸರ್, ಕೂಡಿ ಕಲಿತವನೇ ಮೋಸ ಮಾಡಿದ." ಗೌಂಡಿ ಮನೆಗೇ ಬಂದು ಕುಳಿತ. ಕುರ್ಚಿ ತೋರಿಸಿದರೂ ಕಟ್ಟೆಯ ಮೇಲೆಯೇ ಕುಳಿತು ಹೇಳಿದ: "ಸರ್ರ, ಗ್ವಾಡಿ ಒಳಗ ಏನೈತಿ ಅಂತ ನನಗೇನ್ ಕನಸು ಬಿದ್ದಿತ್ತಾ? ಗಿಲಾವು ಕೆದರಿದ ಮ್ಯಾಲ ಗ್ವಾಡಿ ಹೊಟ್ಟಿ ಬಿಟ್ಟಿದ್ದು ಕಾಣ್ತು. ತೊಲಿ ತುದಿ ಕೈಯಾಗ ಹಿಡದ್ರ ಪುಡಿ ಪುಡಿ. ಹಂಗ ಮುಚ್ಚಿದ್ರ ಮುಂದ ಮಳ್ಯಾಗ ಅವ್ವಾರ ಮ್ಯಾಲ ಬೀಳ್ತಿತ್ತು."

ಹೆಚ್ಚಾದ 45,000ವನ್ನು ಬಿಡಿಸಿ ಬರೆಯಿಸಿದೆ. ಎರಡು ತೊಲೆ, ಬಡಿಗೇರನ ಕೂಲಿ ಸೇರಿ 18,000. ಹೊಟ್ಟೆ ಬಿಟ್ಟ ಗೋಡೆಯನ್ನು ಇಳಿಸಿ ಮತ್ತೆ ಕಟ್ಟಿದ್ದು 15,000. ಉಳಿದ 12,000? ಅದು ದೇವರ ಕೋಣೆಯ ನೆಲ. "ಹೆಂಗೂ ಗೌಂಡಿ ಬಂದಾನ, ಇದನ್ನೂ ಮಾಡಿಬಿಡಪಾ ತಮ್ಮಾ" ಎಂದು ತಾಯಿಯೇ ಹೇಳಿದ್ದು, ಮಗನಿಗೆ ತಿಳಿಸಲು ಮರೆತದ್ದು. ಈ 'ಹೆಂಗೂ ಗೌಂಡಿ ಬಂದಾನ' ಎಂಬ ಮಾತು ಎಷ್ಟು ಮನೆಗಳ ಲೆಕ್ಕವನ್ನು ಕೆಡಿಸಿದೆಯೋ! ಗೂಡು, ಒಲೆಯ ಕಟ್ಟೆ, ತುಳಸಿಕಟ್ಟೆ, ದನದ ಗ್ವಾದಲಿ... ಕೇಳುವಾಗ ಎಲ್ಲವೂ ಅರ್ಧ ದಿನದ ಕೆಲಸ.

ಹಣ ಕೊಡಲೇಬೇಕೆಂದು ಮಗನಿಗೆ ಹೇಳಿದೆ. ಗೌಂಡಿಗೂ ಬೈದೆ. ತೊಲೆ ಕೊಳೆತದ್ದು ಕಂಡ ದಿನವೇ ಅವನ ಕಿಸೆಯಲ್ಲಿದ್ದ ಮೊಬೈಲಿನಿಂದ ಒಂದು ಚಿತ್ರ ತೆಗೆದು ಕಳಿಸಿದ್ದರೆ ಮುಗಿಯುತ್ತಿತ್ತು. ಕೆಲಸ ಮುಗಿದ ಮೇಲೆ ಸುಣ್ಣ ಬಳಿದ ಗೋಡೆಯ ಮುಂದೆ ನಿಂತು ಒಳಗಿನ ಕಥೆ ಹೇಳಿದರೆ ನೂರಾರು ಮೈಲಿ ದೂರದಲ್ಲಿರುವವನು ಹೇಗೆ ನಂಬಿಯಾನು? ಇಬ್ಬರ ತಾಯಂದಿರೂ ದಿನ ಬೆಳಗಾದರೆ ಒಂದೇ ನಳದ ಮುಂದೆ ಕೊಡ ಹಿಡಿದು ನಿಲ್ಲುವವರು. ಆ ಹದಿನೈದು ದಿನ ಅವರು ಮುಖ ತಿರುಗಿಸಿ ನಿಂತರೆಂದು ಆಮೇಲೆ ತಿಳಿಯಿತು.

ಇನ್ನು ನಮ್ಮ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಮೇಲಿನ ಗೋಡೆ ಆ ಮಣ್ಣಿನ ಜೊತೆಗೇ ಏರುತ್ತ ಇಳಿಯುತ್ತ ಸೀಳುತ್ತದೆ. ಕಲಘಟಗಿಯ ಕೆಂಪು ನೆಲದಲ್ಲಿ ಮೂರು ಅಡಿ ತೋಡಿ ಪಾಯಾ ಹಾಕಿದಂತೆ ನವಲಗುಂದದಲ್ಲಿ ಹಾಕಲಾಗದು. ಬಿರುಕು ಮುಗಿಯುವ ಆಳದವರೆಗೆ ತೋಡಬೇಕು, ತೆಗೆದ ಎರೆಮಣ್ಣನ್ನು ಮತ್ತೆ ತುಂಬದೆ ಗರಸು ತುಂಬಿ ದಮ್ಮಸು ಹೊಡೆಯಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬುಡದಲ್ಲಿ ಉಬ್ಬಿದ ಕಂಬದ ಪಾಯಾ ರೂಪಿಸಿತ್ತು. ನಮ್ಮ ಹಳ್ಳಿಯ ಮನೆಗಳಿಗೆ ಅದು ದೂರದ ಮಾತು. ಹುಬ್ಬಳ್ಳಿಯ ನೆಂಟರ ಮನೆಗೆ ಚದರಡಿಗೆ ಎಷ್ಟಾಯಿತೆಂದು ಕೇಳಿ ಬಂದು ಅದೇ ದರಕ್ಕೆ ಇಲ್ಲಿ ಹಟ ಹಿಡಿಯುವವರಿದ್ದಾರೆ. ನೆಲದ ಕೆಳಗಿನದು ಚದರಡಿಯ ದರದಲ್ಲಿ ಕಾಣುವುದಿಲ್ಲ ಸ್ವಾಮಿ.

ಮೋಸ ಎಲ್ಲಿಯೂ ಇಲ್ಲವೇ ಎಂದು ಕೇಳುವಿರಿ. ಇದೆ, ಆದರೆ ಹೆಚ್ಚಾಗಿ ನಾವು ಹುಡುಕದ ಕಡೆ ಇರುತ್ತದೆ. ಗೌಂಡಿಯ ಪಗಾರದಲ್ಲಿ ಐವತ್ತು ರೂಪಾಯಿ ಇಳಿಸಲು ಅರ್ಧ ದಿನ ಕಳೆಯುವ ಮನುಷ್ಯ, ಉಸುಕಿನ ಟ್ರೇಲರ್ ಬಂದಾಗ ಅಂಗಳಕ್ಕೂ ಇಳಿಯುವುದಿಲ್ಲ. ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಟ್ರೇಲರಿನ ಉದ್ದ 10 ಅಡಿ, ಅಗಲ 6 ಅಡಿ, ಉಸುಕಿನ ಎತ್ತರ ಒಂದೂವರೆ ಅಡಿ ಇದ್ದರೆ ಅದು 90 ಘನ ಅಡಿ, ಬ್ರಾಸ್ ಅಲ್ಲ. ಮೇಲಾಗಿ ಹಸಿ ಉಸುಕು ಉಬ್ಬಿರುತ್ತದೆ. ನೂರಕ್ಕೆ ಇಪ್ಪತ್ತರಷ್ಟು ಉಬ್ಬಿದ್ದರೆ ಆ ತೊಂಬತ್ತರಲ್ಲಿ ನಿಜವಾದ ಉಸುಕು ಎಪ್ಪತ್ತೈದು ಮಾತ್ರ. ಘನಫಲದ ಈ ಲೆಕ್ಕವನ್ನು ನಾನು ನಿಮಗೆಲ್ಲ ಬೋರ್ಡಿನ ಮೇಲೆ ಕಲಿಸಿದ್ದೇನೆ. ಟೇಪು ಹಿಡಿದು ಅಂಗಳಕ್ಕೆ ಇಳಿಯಿರಿ.

ಅಳತೆಯ ಮಾತು ಬಂದದ್ದರಿಂದ ಬಾಗಿಲಿನ ಜಗಳವನ್ನೂ ಹೇಳಿಬಿಡುತ್ತೇನೆ. ಗಿಲಾವಿಗೆ ಚದರಡಿಯ ದರವಾದರೆ, ಬಾಗಿಲು ಕಿಟಕಿಗಳ ಜಾಗವನ್ನು ಕಳೆಯಬೇಕೆಂದು ಮನೆಯವರು, ಕಳೆಯಬಾರದೆಂದು ಗೌಂಡಿ. ಈ ಜಗಳದಲ್ಲಿ ಹಿಂಬಾಕಿ ಮುಳುಗಿದ ಗೌಂಡಿಗಳನ್ನು ನಾನು ಬಲ್ಲೆ. ಇದಕ್ಕೆ ಸರಕಾರದ ಮಾನಕವೇ ಇದೆ: 'ಐಎಸ್ 1200', ಅದರ ಹನ್ನೆರಡನೆಯ ಭಾಗ. ಅರ್ಧ ಚದರ ಮೀಟರಿನವರೆಗಿನ, ಅಂದರೆ ಸುಮಾರು ಐದು ಚದರಡಿಯ ಸಣ್ಣ ಕಿಂಡಿಗಳನ್ನು ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ ಮೂರು ಚದರ ಮೀಟರಿನೊಳಗಿದ್ದರೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಗಿಲಾವು ಇದ್ದಲ್ಲಿ, ಒಂದು ಬದಿಯದನ್ನು ಮಾತ್ರ ಕಳೆಯಬೇಕು. ಏಳಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲು ಇಪ್ಪತ್ತನಾಲ್ಕೂವರೆ ಚದರಡಿ. ಅದು ಈ ವರ್ಗದ್ದೇ. ಇನ್ನೊಂದು ಬದಿಯನ್ನು ಏಕೆ ಬಿಡಬೇಕೆಂದರೆ, ಬಾಗಿಲಿನ ಪಕ್ಕೆಗಳ ಅಂಚು ತೀಡುವ ಕೆಲಸ ಅಳತೆಗೆ ಸಿಗದಿದ್ದರೂ ಬಯಲು ಗೋಡೆಗಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಎರಡೂ ಕಡೆಯವರ ಹಟ ಅರ್ಧರ್ಧ ಸರಿ. ಮೊದಲೇ ಮಾತಾಡಿಕೊಂಡರೆ ಸಾಕು.

2019ರ ಆಗಸ್ಟಿನ ಮಳೆಯನ್ನು ನೆನೆಯಿರಿ. ಮಲಪ್ರಭೆ, ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಎಷ್ಟು ಮಣ್ಣಿನ ಮನೆಗಳು ಕುಸಿದವು! ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯೆಂದು ಸರಕಾರ ಘೋಷಿಸಿತು, ಹಣವನ್ನು ಕಂತುಗಳಲ್ಲಿ ಕೊಟ್ಟಿತು. ಎಲ್ಲರಿಗೂ ಒಮ್ಮೆಲೇ ಗೌಂಡಿ ಬೇಕಾದ. ಪಗಾರ ಏರಿತು. "ಸಂಕಟದಾಗ ಲೂಟಿ ಮಾಡಾಕತ್ಯಾರ" ಎಂದು ಕಟ್ಟೆಯ ಮೇಲೆ ಕುಳಿತು ಬೈದವರುಂಟು. ಅದೇ ವರ್ಷದ ಕೊನೆಗೆ ಉಳ್ಳಾಗಡ್ಡಿ ಕಿಲೋಗೆ ನೂರು ರೂಪಾಯಿ ದಾಟಿತು. ಬೆಳೆ ಉಳಿದವರ ಮನೆಯಲ್ಲಿ ಹಬ್ಬ; ಅದನ್ನು ನಾವು ದೇವರು ಕಣ್ಣು ತೆರೆದನೆಂದೆವು. ನಮ್ಮ ಉಳ್ಳಾಗಡ್ಡಿಯ ಬೆಲೆ ಏರಿದರೆ ದೈವ, ಅವನ ಪಗಾರ ಏರಿದರೆ ಲೂಟಿ, ಇದು ಯಾವ ನ್ಯಾಯ? ಅವನಿಗೂ ವರ್ಷದಲ್ಲಿ ಕೆಲಸವಿಲ್ಲದ ತಿಂಗಳುಗಳಿವೆ. ಕಂತು ಬರಲು ತಡವಾದ ಮನೆಗಳಲ್ಲಿ ಅವನ ಪಗಾರವೂ ನಿಂತಿತ್ತು.

ಒಂದು ಕಡೆ ಮಾತ್ರ ನಾವು ಅಷ್ಟಾಗಿ ಚೌಕಾಶಿ ಮಾಡುವುದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು. ಕೃಷ್ಣನ ಬಾಲಲೀಲೆ ಬರೆದ ಆ ತೊಟ್ಟಿಲಿನ ಮುಂದೆ ನಿಂತು, ತಿಂಗಳು ಕಾಯಿರಿ ಎಂದರೆ ಕಾಯುತ್ತೇವೆ, ಹೇಳಿದ್ದನ್ನು ಕೊಡುತ್ತೇವೆ. ಅಲ್ಲಿ ಕೈಚಳಕ ಕಣ್ಣಿಗೆ ಕಾಣುತ್ತದೆ. ಸೋರದ ಮಾಳಿಗೆಯಲ್ಲಿ ಕಾಣುವುದು ಏನೂ ಇಲ್ಲ.

ಇನ್ನೂ ಕಾಣದವಳೊಬ್ಬಳಿದ್ದಾಳೆ. ಗೌಂಡಿಗೆ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಬುಟ್ಟಿ ಹೊತ್ತು ಏಣಿ ಹತ್ತುವ ಹೆಣ್ಣಾಳಿಗೆ ಎಷ್ಟು ಸಿಗುತ್ತದೆಂದು ಕೇಳಿದವರನ್ನು ನಾನು ಕಂಡಿಲ್ಲ. ಅದೇ ಬುಟ್ಟಿ, ಅದೇ ಏಣಿ, ಗಂಡಾಳಿಗಿಂತ ಕಡಿಮೆ ಪಗಾರ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ಗುತ್ತಿಗೆ ಇಳಿಸಿದಾಗ ಮೊದಲು ಕತ್ತರಿ ಬೀಳುವುದು ಇವಳ ಪಗಾರಕ್ಕೇ ಎಂಬುದು ತಿಳಿದಿದ್ದರೆ ನಮ್ಮ ಹೆಣ್ಣುಮಕ್ಕಳಾದರೂ ಚೌಕಾಶಿಯ ಹೊತ್ತಿಗೆ ಬಾಯಿ ಹಾಕುತ್ತಿದ್ದರೋ ಏನೋ.

ಗೌಂಡಿಗಳ ಮೇಲೆ ನನ್ನ ನಿಜವಾದ ತಕರಾರು ಬೆಲೆಯದಲ್ಲ, ಮುಂಗಡದ್ದು. ಬೇಸಿಗೆಯ ಆರಂಭದಲ್ಲಿ ನಾಲ್ಕು ಮನೆಯವರ ಮುಂಗಡ ಹಿಡಿಯುವುದು, ನಾಲ್ಕೂ ಕಡೆ ಗೋಡೆ ಕೆಡವಿಡುವುದು, ಆಮೇಲೆ ಇಲ್ಲೊಂದು ದಿನ ಅಲ್ಲೊಂದು ದಿನ ಮುಖ ತೋರಿಸುವುದು. ಮೊದಲ ಮಳೆಗೆ ಬಿತ್ತಲು ತನ್ನ ಹೊಲಕ್ಕೆ ಹೋದನೆಂದರೆ ಮುಗಿಯಿತು. ನಮ್ಮ ಬೀಗರ ಮನೆಯಲ್ಲಿ ಹೀಗೆ ಬಚ್ಚಲಿಗೆ ಬಾಗಿಲಿಲ್ಲದೆ ಇಡೀ ಮಳೆಗಾಲ ಗೋಣಿತಟ್ಟು ಕಟ್ಟಿಕೊಂಡಿದ್ದರು. ಕೇಳಿದರೆ ಗೌಂಡಿಯ ಉತ್ತರವೂ ಸಿದ್ಧವಿದೆ: ಕಡೆಯ ಐದು ಸಾವಿರವನ್ನು ಯಾರೂ ಕೊಡುವುದಿಲ್ಲ ಸರ್ರ, ಹತ್ತಿ ಮಾರಲಿ ಅಂತಾರ, ಕಡ್ಲಿ ಮಾರಲಿ ಅಂತಾರ, ಅದಕ್ಕ ಮೊದಲ ಹಿಡಕೋತೀವಿ. ಇದೂ ಸುಳ್ಳಲ್ಲ.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು. ಹೊಸ ಗೋಡೆ, ಹೊಸ ಸ್ಲ್ಯಾಬು ಇಂಥ ಅಳೆಯಬಲ್ಲ ಕೆಲಸವನ್ನು ಗುತ್ತಿಗೆ ಕೊಡಿ. ಹಳೆಯ ಮನೆಯ ಒಳಗೆ ಕೈ ಹಾಕುವ ಕೆಲಸವನ್ನು ದಿನದ ಪಗಾರದ ಮೇಲೆ ಮಾಡಿಸಿರಿ. ಮನೆಯಲ್ಲಿ ಒಬ್ಬರು ನಿಂತು ನೋಡುವವರು ಬೇಕು, ಅದೊಂದು ತೊಂದರೆ. ಮಾಲು ನೀವೇ ತನ್ನಿರಿ. ಹಣವನ್ನು ವಾರದ ಸಂತೆಯ ದಿನ ಬಟವಾಡೆ ಮಾಡಿರಿ, ಆ ವಾರದ ಕೆಲಸಕ್ಕೆ ಆ ವಾರವೇ. ಆಗ ದೊಡ್ಡ ಮುಂಗಡವೂ ಬೇಡ, ದೊಡ್ಡ ಹಿಂಬಾಕಿಯೂ ಉಳಿಯದು. ನೂರು ಪುಟದ ಒಂದು ನೋಟಬುಕ್ಕು ತಂದು ಯಾವ ಕೆಲಸ, ಯಾವ ದರ, ಬಾಗಿಲು ಕಳೆಯುವುದೋ ಬಿಡುವುದೋ, ಗಿಲಾವಿಗೆ ನೀರು ಹೊಡೆಯುವವರು ಯಾರು, ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿರಿ. ನೀರಿನ ವಿಷಯ ಹಾಸ್ಯವಲ್ಲ. ಇಂದು ಪೇಟೆಯಲ್ಲಿ ಸಿಗುವ ಬೂದಿ ಬೆರೆತ ಸಿಮೆಂಟಿಗೆ ನಮ್ಮ ಬಿಸಿಲಿನಲ್ಲಿ ಹತ್ತು ದಿನವಾದರೂ ನೀರು ಬೇಕು. ಗೌಂಡಿ ಮನೆಯವರು ಹೊಡೆಯುತ್ತಾರೆಂದುಕೊಳ್ಳುತ್ತಾನೆ, ಮನೆಯವರು ಗೌಂಡಿಯ ಆಳೆಂದುಕೊಳ್ಳುತ್ತಾರೆ, ಗೋಡೆ ಒಣಗಿ ನಿಲ್ಲುತ್ತದೆ. ಹೆಚ್ಚಿನ ಕೆಲಸ ಬಂದರೆ ಅದೇ ದಿನ ಅದೇ ಪುಸ್ತಕದಲ್ಲಿ ಬರೆಯಿರಿ, ಅವ್ವ ಹೇಳಿದ್ದನ್ನೂ ಸೇರಿಸಿ!

ಕೆಲಸ ಮುಗಿದು ಮಳೆಗಾಲದಲ್ಲಿ ಅದೇ ಗೌಂಡಿಯೋ ಆಳೋ ಒಂದು ಕಾಗದ ಹಿಡಿದು ನಿಮ್ಮ ಬಾಗಿಲಿಗೆ ಬಂದಾರು. 1996ರ ಕಾಯ್ದೆಯಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕಾಗುತ್ತದೆ. ಬೋಗಸ್ ಕಾರ್ಡುಗಳ ಹಾವಳಿ ಇದ್ದದ್ದು ನಿಜ, ಆದರೆ ನಿಮ್ಮ ಅಂಗಳದಲ್ಲಿ ಬೆವರು ಸುರಿಸಿದವರು ಬೋಗಸ್ ಅಲ್ಲವಲ್ಲ. ನೋಟಬುಕ್ಕು ತೆಗೆದು ಎಷ್ಟು ದಿನ ದುಡಿದಿದ್ದಾರೆಂದು ಎಣಿಸಿ, ಅಷ್ಟನ್ನು ಬರೆದು ಸಹಿ ಹಾಕಿಕೊಡಿ. ಹೆಣ್ಣಾಳಿನ ದಿನಗಳನ್ನೂ ಎಣಿಸಿರಿ. ಅವಳು ತಾನಾಗಿ ಕೇಳಲಿಕ್ಕಿಲ್ಲ.